ವಿಕ್ರಮ್ ಸಾರಾಭಾಯಿ: ಉಪಗ್ರಹವನ್ನು ಹಳ್ಳಿಗೆ ತಂದವರು



ಪ್ರತಿ ವರ್ಷ ನಮ್ಮ ಸಂಘದ ಈ ಇ-ಪುಸ್ತಿಕೆಯಲ್ಲಿ ಒಬ್ಬ ಹಿರಿಯರ ಬದುಕಿನ ಬಗ್ಗೆ ಒಂದು ಲೇಖನ ಇರಲಿ ಅನ್ನೋದು ನಮ್ಮ ಆಸೆ. ಈ ಸಲ ಯಾರ ಬಗ್ಗೆ ಬರೆಯೋಣ ಅಂತ ಯೋಚನೆ ಮಾಡ್ತಾ ಇದ್ದಾಗ ಹೆಸರು ತಾನಾಗೇ ಸಿಕ್ಕಿತು. ಸಿಕ್ಕಿದ್ದು ಸ್ಯಾನ್ ಮಟಿಯೋದಲ್ಲಿ, ನಾವು ನಾಲ್ಕೈದು ಜನ ಹಂಚಿಕೊಂಡಿರುವ ಅಪಾರ್ಟ್‌ಮೆಂಟಿನಲ್ಲಿ, ಒಂದು ಭಾನುವಾರದ ಚಿತ್ರಾನ್ನದ ಊಟದ ಹೊತ್ತಿಗೆ.

ಅವತ್ತು ನಮ್ಮ ನಡುವೆ ದೊಡ್ಡ ವಾದವೇ ನಡೆದಿತ್ತು. ನಾವು ಇಲ್ಲಿ ಕಲಿಯುತ್ತಿರುವುದೆಲ್ಲ ಕಂಪ್ಯೂಟರು, ಡೇಟಾ, ನೆಟ್‌ವರ್ಕು. ಇಂಟರ್ನ್‌ಶಿಪ್ಪಿಗೆ ಹೋಗುವ ಕಂಪನಿಗಳಲ್ಲಿ ಮಾಡುವ ಕೆಲಸ, ಇರುವವರಿಗೆ ಇನ್ನಷ್ಟು ಸೌಕರ್ಯ ಮಾಡಿಕೊಡುವುದು. ಇದರಿಂದ ನಮ್ಮ ಊರಿನ ರೈತನಿಗೆ, ಅಂಗನವಾಡಿಗೆ ಹೋಗುವ ಮಗುವಿಗೆ ಏನು ಸಿಗುತ್ತೆ ಅಂತ ಒಬ್ಬ ಕೇಳಿದ. ಬಡ ದೇಶಕ್ಕೆ ಮೊದಲು ಅನ್ನ, ನೀರು, ರಸ್ತೆ ಬೇಕು, ತಂತ್ರಜ್ಞಾನ ಆಮೇಲೆ ಅಂತ ಇನ್ನೊಬ್ಬಳು. ಆಗ ರಾಯಚೂರು ಜಿಲ್ಲೆಯಿಂದ ಬಂದಿರುವ ನಮ್ಮ ಗೆಳತಿ ಒಂದು ವಿಷಯ ಹೇಳಿದಳು. ಅವಳ ಅಜ್ಜಿ ಟಿವಿಯನ್ನು ಮೊಟ್ಟಮೊದಲು ನೋಡಿದ್ದು 1975ರಲ್ಲಂತೆ, ತಮ್ಮ ಹಳ್ಳಿಯ ಶಾಲೆಯ ಮುಂದೆ ಕೂತು. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿಯೊಂದು ಶಾಲೆಯ ಹತ್ತಿರ ಇತ್ತಂತೆ. ಒಂದು ವರ್ಷ ಬಂತು, ಆಮೇಲೆ ಒಂದು ದಿನ ನಿಂತುಹೋಯಿತು, ಮತ್ತೆ ಬರಲೇ ಇಲ್ಲ ಅಂತ ಅಜ್ಜಿ ಈಗಲೂ ಹೇಳ್ತಾರಂತೆ.

ನಮಗೆ ನಂಬಿಕೆ ಬರಲಿಲ್ಲ. 1975ರಲ್ಲಿ ಬೆಂಗಳೂರಿಗೇ ಟಿವಿ ಇರಲಿಲ್ಲ! ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಹಾಗಿದ್ದ ಮೇಲೆ ರಾಯಚೂರಿನ ಹಳ್ಳಿಗೆ ಆರು ವರ್ಷ ಮೊದಲೇ ಟಿವಿ ಬಂದದ್ದು ಹೇಗೆ? ಹುಡುಕುತ್ತಾ ಹೋದಾಗ ಸಿಕ್ಕ ಹೆಸರೇ ವಿಕ್ರಮ್ ಸಾರಾಭಾಯಿ. ಆ ಟಿವಿ ಹಳ್ಳಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ಮೂರೂವರೆ ವರ್ಷ ಆಗಿತ್ತು.

ಇಸ್ರೋ ಸ್ಥಾಪಕರು ಅಂತ ಅವರ ಹೆಸರು ನಮಗೆಲ್ಲ ಗೊತ್ತು. ಚಂದ್ರಯಾನ-2ರ ಲ್ಯಾಂಡರಿಗೂ ಚಂದ್ರಯಾನ-3ರ ಲ್ಯಾಂಡರಿಗೂ ವಿಕ್ರಮ್ ಅಂತ ಹೆಸರಿಟ್ಟದ್ದು ಅವರ ನೆನಪಿಗೇ. ಆದರೆ ಅವರಿಗೆ ಉಪಗ್ರಹ ಯಾಕೆ ಬೇಕಾಗಿತ್ತು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಕಥೆಯನ್ನೇ ಇಲ್ಲಿ ಹೇಳ್ತಾ ಇದ್ದೀವಿ.

ಶ್ರೀಮಂತರ ಮನೆಯ ಹುಡುಗ

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ದೊಡ್ಡ ಬಟ್ಟೆ ಗಿರಣಿಗಳ ಮಾಲೀಕರು. ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಸಂಸಾರ. ಮಕ್ಕಳ ಓದಿಗಾಗಿ ಮನೆಯ ಅಂಗಳದಲ್ಲೇ ಮಾಂಟೆಸರಿ ಮಾದರಿಯ ಶಾಲೆ ನಡೆಸಿದವರು ಅವರು. ಗಾಂಧೀಜಿ, ರವೀಂದ್ರನಾಥ ಠಾಕೂರರಂಥವರು ಬಂದು ಹೋಗುತ್ತಿದ್ದ ಮನೆ ಅದು.

ಆ ಮನೆಯಲ್ಲಿ ಹಣ ಇದ್ದಂತೆಯೇ ಹಣದ ಬಗ್ಗೆ ಜಗಳವೂ ಇತ್ತು. ಸಾಬರಮತಿಯ ಆಶ್ರಮ ಕಷ್ಟದಲ್ಲಿದ್ದಾಗ ಗಾಂಧೀಜಿಗೆ ಹಣ ಕೊಟ್ಟು ಕಾಪಾಡಿದವರು ಅಂಬಾಲಾಲರು. ಅದೇ ಅಂಬಾಲಾಲರ ಅಕ್ಕ ಅನಸೂಯಾ ಸಾರಾಭಾಯಿ 1918ರಲ್ಲಿ ಗಿರಣಿ ಕಾರ್ಮಿಕರ ಮುಷ್ಕರದ ಮುಂದಾಳಾಗಿ ತಮ್ಮನ ವಿರುದ್ಧವೇ ನಿಂತಿದ್ದರು. ವಿಕ್ರಮ್ ಅವರ ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು. ಮಾಲೀಕರ ಮಗನಾಗಿ ಹುಟ್ಟಿದರೂ ಕಾರ್ಮಿಕರ ಮಾತು ಊಟದ ಮನೆಯಲ್ಲೇ ಕಿವಿಗೆ ಬೀಳುತ್ತಿತ್ತು ಅಂದರೆ ತಪ್ಪಾಗಲಾರದು.

1937ರಲ್ಲಿ ವಿಕ್ರಮ್ ಓದಲಿಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೊರಟರು. ಅವರ ಬಗ್ಗೆ ಶಿಫಾರಸು ಪತ್ರ ಬರೆದುಕೊಟ್ಟವರು ಠಾಕೂರರು. (ನಮ್ಮ ಶಿಫಾರಸು ಪತ್ರಗಳಿಗಾಗಿ ನಾವು ಪ್ರೊಫೆಸರುಗಳ ಹಿಂದೆ ಎಷ್ಟು ಸುತ್ತಿದ್ದೀವಿ ಅಂತ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು!) 1940ರಲ್ಲಿ ವಿಜ್ಞಾನದ ಪದವಿ ಪಡೆದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಅಲ್ಲಿ ಸಂಶೋಧನೆ ಮುಂದುವರಿಸಲು ಆಗದೆ ವಾಪಸ್ಸು ಬಂದರು. ಬಂದದ್ದು ನಮ್ಮ ಬೆಂಗಳೂರಿಗೆ.

ಬೆಂಗಳೂರಿನ ದಿನಗಳು

ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಕ್ರಮ್ ಕಾಸ್ಮಿಕ್ ಕಿರಣಗಳ ಸಂಶೋಧನೆ ಶುರು ಮಾಡಿದರು. ಬಾಹ್ಯಾಕಾಶದಿಂದ ಭೂಮಿಗೆ ಸದಾ ಬಂದು ಬೀಳುವ ಕಣಗಳವು. ಹೊತ್ತಿನಿಂದ ಹೊತ್ತಿಗೆ ಅವುಗಳ ಪ್ರಮಾಣ ಹೇಗೆ ಬದಲಾಗುತ್ತೆ ಅನ್ನೋದು ಅವರ ಪ್ರಶ್ನೆ. 1942ರಲ್ಲಿ ಮೊದಲ ಪ್ರಬಂಧ ಪ್ರಕಟವಾಯಿತು. ಅದೇ ಕಾಲಕ್ಕೆ ಅದೇ ಸಂಸ್ಥೆಯಲ್ಲಿ ಹೋಮಿ ಭಾಭಾ ಕೂಡ ಇದ್ದರು. ಮುಂದೆ ಭಾರತದ ಅಣುಶಕ್ತಿಗೂ ಬಾಹ್ಯಾಕಾಶಕ್ಕೂ ಅಡಿಪಾಯ ಹಾಕಿದ ಇಬ್ಬರೂ ಯುದ್ಧದ ಕಾರಣಕ್ಕೆ ಒಂದೇ ಊರಲ್ಲಿ ಸೇರಿದ್ದು ನಮ್ಮ ಬೆಂಗಳೂರಿನ ಪುಣ್ಯ.

ವಿಕ್ರಮ್ ಅವರಿಗೆ ಮೃಣಾಲಿನಿ ಸ್ವಾಮಿನಾಥನ್ ಪರಿಚಯ ಆಗಿದ್ದೂ ಬೆಂಗಳೂರಿನಲ್ಲೇ. ಮೃಣಾಲಿನಿ ಆಗ ಬೆಂಗಳೂರಿನ ಪ್ರಸಿದ್ಧ ನರ್ತಕ ರಾಮ್ ಗೋಪಾಲ್ ಅವರ ಜೊತೆ ನೃತ್ಯ ಮಾಡುತ್ತಿದ್ದರು. 1942ರಲ್ಲಿ ಮದುವೆ. ಆಗ ಕ್ವಿಟ್ ಇಂಡಿಯಾ ಚಳವಳಿ ಜೋರಾಗಿತ್ತು. ಗಂಡಿನ ಕಡೆಯವರು ಮದುವೆಗೆ ಬರಲಾಗಲಿಲ್ಲ. ಮುಂದೆ ಮೃಣಾಲಿನಿ ಅಹಮದಾಬಾದಿನಲ್ಲಿ ದರ್ಪಣ ಎಂಬ ನೃತ್ಯಶಾಲೆ ಕಟ್ಟಿದರು.

ಯುದ್ಧ ಮುಗಿದ ಮೇಲೆ ವಿಕ್ರಮ್ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಮುಗಿಸಿದರು. ಮುಗಿಸಿದ ಕೂಡಲೇ ಊರಿಗೆ ಬಂದರು. ಆಗ ಅವರ ವಯಸ್ಸು 28. ನಮ್ಮಲ್ಲಿ ಕೆಲವರ ವಯಸ್ಸು ಅಷ್ಟೇ.

ಕಟ್ಟುವ ಕೆಲಸ

1947ರ ನವೆಂಬರಿನಲ್ಲಿ ಅಹಮದಾಬಾದಿನ ಒಂದು ಕಾಲೇಜಿನ ಕೊಠಡಿಗಳಲ್ಲಿ ಭೌತಿಕ ಸಂಶೋಧನಾಲಯ ಶುರುವಾಯಿತು. ಹವಾಮಾನ ವಿಜ್ಞಾನಿ ಕೆ. ಆರ್. ರಾಮನಾಥನ್ ಮೊದಲ ನಿರ್ದೇಶಕರಾದರು. ಅದೇ ವರ್ಷ ಬಟ್ಟೆ ಗಿರಣಿಗಳಿಗಾಗಿ ಆಟಿರಾ ಎಂಬ ಸಂಶೋಧನಾ ಸಂಸ್ಥೆಯೂ ಹುಟ್ಟಿತು. ಕಾಸ್ಮಿಕ್ ಕಿರಣದಲ್ಲಿ ಡಾಕ್ಟರೇಟ್ ಪಡೆದವರಿಗೆ ನೂಲಿನ ಬಗ್ಗೆ ಏನು ಗೊತ್ತು ಅಂತ ಯಾರಾದರೂ ಕೇಳಬಹುದಿತ್ತು. ಅಳತೆ ಮಾಡಿ, ಲೆಕ್ಕ ಇಟ್ಟು, ಫಲಿತಾಂಶ ನೋಡಿ ತೀರ್ಮಾನ ತಗೊಳ್ಳುವುದು ಎಲ್ಲಾ ಕಡೆ ಒಂದೇ ಅನ್ನುವುದು ಅವರ ನಂಬಿಕೆ. 1960ರಲ್ಲಿ ಬರೋಡಾದಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಶುರು ಮಾಡಿದರು. 1961ರಲ್ಲಿ ಅಹಮದಾಬಾದಿನ ಐಐಎಂ ಬಂತು, ಅದರ ಹಿಂದೆಯೂ ಅವರಿದ್ದರು.

ಈ ಪಟ್ಟಿಯಲ್ಲಿ ಕನ್ನಡಿಗರಿಗೆ ಬೇಕಾದ ಒಂದು ಹೆಸರಿದೆ. ಉಡುಪಿ ಹತ್ತಿರದ ಅದಮಾರಿನ ಹುಡುಗ ಯು. ಆರ್. ರಾವ್ ಭೌತಿಕ ಸಂಶೋಧನಾಲಯಕ್ಕೆ ಹೋಗಿ ವಿಕ್ರಮ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. ಆಮೇಲೆ ಅಮೆರಿಕಕ್ಕೆ ಬಂದು ಸಂಶೋಧನೆ ಮಾಡಿ, 1966ರಲ್ಲಿ ವಾಪಸ್ಸು ಹೋದರು. ಅವರ ಮಾತು ಮುಂದೆ ಬರುತ್ತೆ.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಮಿತಿ ರಚನೆಯಾಯಿತು. ವಿಕ್ರಮ್ ಅದರ ಅಧ್ಯಕ್ಷರು. ರಾಕೆಟ್ ಹಾರಿಸಲು ಭೂಮಿಯ ಅಯಸ್ಕಾಂತೀಯ ಸಮಭಾಜಕ ರೇಖೆಯ ಹತ್ತಿರ ಜಾಗ ಬೇಕಿತ್ತು. ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಹಳ್ಳಿ ಸಿಕ್ಕಿತು. ಅಲ್ಲಿನ ಬಿಷಪ್ ಮತ್ತು ಊರ ಜನ ತಮ್ಮ ಚರ್ಚನ್ನೇ ಬಿಟ್ಟುಕೊಟ್ಟರು. ಚರ್ಚು ಕಾರ್ಯಾಗಾರವಾಯಿತು, ಬಿಷಪ್ಪರ ಮನೆ ಕಚೇರಿಯಾಯಿತು. ರಾಕೆಟ್ಟಿನ ಭಾಗಗಳು ಸೈಕಲ್ ಮೇಲೆ ಬಂದವು. 1963ರ ನವೆಂಬರ್ 21ರಂದು ಅಮೆರಿಕ ಕೊಟ್ಟ ನೈಕ್-ಅಪಾಚೆ ರಾಕೆಟ್ ಅಲ್ಲಿಂದ ಮೇಲಕ್ಕೆ ಹೋಯಿತು.

ಆಗಲೂ ಇದ್ದ ಪ್ರಶ್ನೆ

ನಮ್ಮ ಭಾನುವಾರದ ವಾದ ಹೊಸದೇನಲ್ಲ. ಅರುವತ್ತರ ದಶಕದಲ್ಲಿ ಭಾರತಕ್ಕೆ ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರುತ್ತಿತ್ತು. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಿತ್ತು. ಊಟಕ್ಕೇ ಇಲ್ಲದ ದೇಶಕ್ಕೆ ರಾಕೆಟ್ ಯಾಕೆ ಅಂತ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ವಿಕ್ರಮ್ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಚಂದ್ರನಿಗೆ ಹೋಗುವುದರಲ್ಲಿ ಅಥವಾ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವುದರಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿ ಮಾಡುವ ಆಸೆ ನಮಗಿಲ್ಲ, ಆದರೆ ಜನರ ನಿಜವಾದ ಕಷ್ಟಗಳಿಗೆ ಮುಂದುವರಿದ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಅನ್ನುವುದು ಅವರ ನಿಲುವಾಗಿತ್ತು. ಮಾತು ಕೇಳಲು ಚೆನ್ನಾಗಿದೆ. ಅದರ ಹಿಂದೆ ಒಂದು ಲೆಕ್ಕ ಇತ್ತು, ಅದು ನಮಗೆ ಇನ್ನೂ ಇಷ್ಟವಾಯಿತು.

ಲೆಕ್ಕ ಹೀಗಿದೆ. ದೇಶದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿಗಳಿದ್ದವು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಶಿಕ್ಷಣ, ಇವುಗಳ ಬಗ್ಗೆ ತಿಳಿವಳಿಕೆ ಅಲ್ಲಿಗೆ ಮುಟ್ಟಬೇಕು. ಓದು ಬರದವರೇ ಹೆಚ್ಚು, ಆದ್ದರಿಂದ ಪುಸ್ತಕ ಸಾಲದು, ಟಿವಿ ಬೇಕು. ಟಿವಿ ಗೋಪುರಗಳನ್ನು ಕಟ್ಟುತ್ತಾ ಹೋದರೆ ಏನಾಗುತ್ತೆ? ಮೊದಲು ದೆಹಲಿ, ಮುಂಬಯಿ, ಆಮೇಲೆ ರಾಜ್ಯಗಳ ರಾಜಧಾನಿ, ಆಮೇಲೆ ಜಿಲ್ಲಾ ಕೇಂದ್ರ. ಹಳ್ಳಿಯ ಸರದಿ ಬರುವಷ್ಟರಲ್ಲಿ ಎರಡು ತಲೆಮಾರು ಕಳೆದಿರುತ್ತೆ. ಉಪಗ್ರಹಕ್ಕೆ ಊರಿನ ಭೇದವಿಲ್ಲ. 36,000 ಕಿಲೋಮೀಟರ್ ಎತ್ತರದಿಂದ ಅದರ ಸಂಕೇತ ದೆಹಲಿಗೂ ದೇವದುರ್ಗಕ್ಕೂ ಒಂದೇ ಕ್ಷಣಕ್ಕೆ ಬೀಳುತ್ತೆ. ಹಾಗಾಗಿ ಕಡೆಯ ಹಳ್ಳಿಯಿಂದಲೇ ಶುರು ಮಾಡಬಹುದು. ಬಡ ದೇಶಕ್ಕೆ ಉಪಗ್ರಹ ಬೇಕಾಗಿರುವುದು ಬಡತನ ಇದೆ ಅನ್ನುವ ಕಾರಣಕ್ಕೇ ಅಂತ ಅವರು ವಾದಿಸಿದರು.

ವಾದ ಮಾಡಿ ಸುಮ್ಮನೆ ಕೂರಲಿಲ್ಲ. 1967ರ ಜನವರಿ 26ರಂದು ದೆಹಲಿ ಸುತ್ತಲಿನ 80 ಹಳ್ಳಿಗಳಲ್ಲಿ ಸಮುದಾಯ ಟಿವಿಗಳನ್ನು ಇಟ್ಟು ರೈತರಿಗಾಗಿ ಕೃಷಿ ದರ್ಶನ ಕಾರ್ಯಕ್ರಮ ಶುರುವಾಯಿತು. ಅದರ ಹಿಂದೆ ಅವರ ಒತ್ತಾಸೆ ಇತ್ತು. ಅದೇ ವರ್ಷ ಅಹಮದಾಬಾದಿನಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಉಪಗ್ರಹ ಸಂಪರ್ಕದ ಭೂಕೇಂದ್ರ ತಯಾರಾಯಿತು. ಉಪಗ್ರಹ ಕೈಯಲ್ಲಿಲ್ಲದಿದ್ದರೂ ಅದನ್ನು ಬಳಸಲು ಗೊತ್ತಿರುವ ಎಂಜಿನಿಯರುಗಳು ಮೊದಲೇ ತಯಾರಾಗಲಿ ಅಂತ.

ಇಲ್ಲಿ ನಮ್ಮ ಬೇ ಏರಿಯಾದ ಒಂದು ಸಣ್ಣ ಸಂಗತಿ ಇದೆ. ಅದೇ 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ವಿದ್ಯಾರ್ಥಿಗಳು ಸೇರಿ ಅಸೆಂಡ್ ಎಂಬ ವಿನ್ಯಾಸ ವರದಿ ಸಿದ್ಧಪಡಿಸಿದರು. ಬ್ರೆಜಿಲ್, ಭಾರತ, ಇಂಡೋನೇಷ್ಯಾ ದೇಶಗಳ ಶಾಲೆಗಳಿಗೆ ಉಪಗ್ರಹದ ಮೂಲಕ ಪಾಠ ಕಳಿಸುವುದು ಹೇಗೆ ಅನ್ನೋದು ಅದರ ವಿಷಯ. ಸ್ಯಾನ್ ಮಟಿಯೋದಿಂದ ಕ್ಯಾಲ್‌ಟ್ರೇನ್ ಹತ್ತಿದರೆ ಅರ್ಧ ಗಂಟೆ ಆಚೀಚೆಯ ದಾರಿ. ನಮ್ಮ ಹಾಗೆ ಪ್ರಾಜೆಕ್ಟ್ ಮಾಡುತ್ತಿದ್ದ ವಿದ್ಯಾರ್ಥಿಗಳು ಭಾರತದ ಹಳ್ಳಿ ಶಾಲೆಗೆ ಲೆಕ್ಕ ಹಾಕುತ್ತಿದ್ದರು ಅಂತ ತಿಳಿದು ನಮಗೆ ಸ್ವಲ್ಪ ನಾಚಿಕೆಯೇ ಆಯಿತು.

ಒಪ್ಪಂದ, ಮತ್ತು ಒಂದು ರಾತ್ರಿ

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ಮೇ ತಿಂಗಳಲ್ಲಿ ಅಣುಶಕ್ತಿ ಆಯೋಗದ ಹೊಣೆಯೂ ವಿಕ್ರಮ್ ಅವರ ಹೆಗಲಿಗೆ ಬಿತ್ತು. ಜೊತೆಗೆ ದೇಶದ ಎಲೆಕ್ಟ್ರಾನಿಕ್ಸ್ ಸಮಿತಿಯ ಅಧ್ಯಕ್ಷತೆ. 1967ರಲ್ಲಿ ಹೈದರಾಬಾದಿನಲ್ಲಿ ಇಸಿಐಎಲ್ ಕಂಪನಿ ಹುಟ್ಟಿತು, ದೇಶದಲ್ಲೇ ಕಂಪ್ಯೂಟರ್ ಮಾಡುವ ಕೆಲಸ ಆ ಕಾಲದಲ್ಲೇ ಶುರುವಾಯಿತು. 1969ರ ಆಗಸ್ಟ್ 15ರಂದು ಇಸ್ರೋ ಸ್ಥಾಪನೆಯಾಯಿತು.

ಅದಾದ ಒಂದು ತಿಂಗಳಿಗೆ, 1969ರ ಸೆಪ್ಟೆಂಬರ್ 18ರಂದು, ಭಾರತದ ಅಣುಶಕ್ತಿ ಇಲಾಖೆಗೂ ನಾಸಾಕ್ಕೂ ಒಂದು ಒಪ್ಪಂದವಾಯಿತು. ನಾಸಾ ತನ್ನ ಉಪಗ್ರಹವನ್ನು ಒಂದು ವರ್ಷ ಭಾರತಕ್ಕೆ ಎರವಲು ಕೊಡುತ್ತೆ. ಹಳ್ಳಿಯ ಟಿವಿ, ಭೂಕೇಂದ್ರ, ಕಾರ್ಯಕ್ರಮ, ರಿಪೇರಿ, ಎಲ್ಲ ಭಾರತದ್ದೇ. ಈ ಯೋಜನೆಯ ಹೆಸರು ಸೈಟ್, ಅಂದರೆ ಉಪಗ್ರಹದ ಮೂಲಕ ಬೋಧನೆ ಮಾಡುವ ಟಿವಿ ಪ್ರಯೋಗ. ಕಷ್ಟದ ಭಾಗವನ್ನೆಲ್ಲ ನಮ್ಮವರು ತಾವೇ ಕಲಿಯಲಿ ಅನ್ನುವ ಯೋಚನೆ ಆ ಹಂಚಿಕೆಯಲ್ಲಿ ಕಾಣುತ್ತೆ.

ಇಷ್ಟೊಂದು ಹೊಣೆ ಒಬ್ಬರೇ ಹೊತ್ತದ್ದು ಸರಿಯೇ ಅಂತ ಆಗಲೇ ಟೀಕೆ ಇತ್ತು. ಎಲ್ಲ ಕಡೆ ಕೈ ಹಾಕುತ್ತಾರೆ, ಯಾವುದಕ್ಕೂ ಪೂರ್ತಿ ಸಮಯ ಕೊಡೋದಿಲ್ಲ ಅಂತ ಹೇಳುವವರಿದ್ದರು. ಮುಂಬಯಿ, ಅಹಮದಾಬಾದು, ದೆಹಲಿ, ತಿರುವನಂತಪುರ ಅಂತ ವಿಮಾನದಲ್ಲೇ ವಾರ ಕಳೆಯುತ್ತಿದ್ದರು. ಮನೆಯವರಿಗೆ ಅವರು ಸಿಗುತ್ತಿದ್ದದ್ದು ಕಡಿಮೆ. ಆ ಟೀಕೆಯಲ್ಲಿ ಹುರುಳಿಲ್ಲ ಅಂತ ನಾವು ಹೇಳುವುದಿಲ್ಲ. ದೇಹ ಅದರ ಬೆಲೆ ತೆತ್ತಿತು.

1971ರ ಡಿಸೆಂಬರ್ ಕೊನೆಯಲ್ಲಿ ಅವರು ತುಂಬಾದ ಕೆಲಸ ನೋಡಲು ಹೋಗಿದ್ದರು. 30ರ ರಾತ್ರಿ ಕೋವಳಂನಲ್ಲಿ ಉಳಿದುಕೊಂಡರು. ಮಲಗಿದವರು ಏಳಲಿಲ್ಲ. 52 ವರ್ಷ, ಅಷ್ಟೇ. ಭಾರತದ ಒಂದು ಉಪಗ್ರಹವೂ ಆಗ ಮೇಲಕ್ಕೆ ಹೋಗಿರಲಿಲ್ಲ. ಒಂದು ಹಳ್ಳಿಗೂ ಆಕಾಶದಿಂದ ಟಿವಿ ಬಂದಿರಲಿಲ್ಲ.

ಅವರಿಲ್ಲದ ಮೇಲೆ

ವ್ಯಕ್ತಿ ಹೋದ ಮೇಲೆ ಕನಸೂ ಹೋಗುವುದನ್ನು ನಾವು ಎಷ್ಟೋ ಕಡೆ ನೋಡಿದ್ದೀವಿ. ಇಲ್ಲಿ ಹಾಗಾಗಲಿಲ್ಲ. ಅವರು ಕಟ್ಟಡಗಳಿಗಿಂತ ಹೆಚ್ಚಾಗಿ ಜನರನ್ನು ಬೆಳೆಸಿದ್ದರು. 1972ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಇಸ್ರೋ ಹೊಣೆ ವಹಿಸಿಕೊಂಡರು. ಅವರನ್ನು ಕರೆದಾಗ ಅವರಿದ್ದದ್ದು ನಮ್ಮ ಇದೇ ಕ್ಯಾಲಿಫೋರ್ನಿಯಾದಲ್ಲಿ, ಕ್ಯಾಲ್‌ಟೆಕ್‌ನಲ್ಲಿ. ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಅನ್ನುವ ಷರತ್ತಿನ ಮೇಲೆ ಒಪ್ಪಿಕೊಂಡರು. ಬೆಂಗಳೂರು ಬಾಹ್ಯಾಕಾಶದ ಊರಾದದ್ದು ಹೀಗೆ.

ಅದಮಾರಿನ ಯು. ಆರ್. ರಾವ್ ತಮ್ಮ ತಂಡದ ಜೊತೆ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲಕ್ಕೆ ಹೋಯಿತು. ಅದಾದ ಮೂರೂವರೆ ತಿಂಗಳಿಗೆ, 1975ರ ಆಗಸ್ಟ್ 1ರಂದು, ಸೈಟ್ ಶುರುವಾಯಿತು.

ಕಲಬುರ್ಗಿ, ವಿಜಾಪುರ, ರಾಯಚೂರು

ನಾಸಾದ ಎಟಿಎಸ್-6 ಉಪಗ್ರಹವನ್ನು ಅಮೆರಿಕದ ಕಡೆಯಿಂದ ಸರಿಸಿ ಆಫ್ರಿಕಾದ ಪೂರ್ವ ಭಾಗದ ಮೇಲೆ ನಿಲ್ಲಿಸಿದರು. ಅಲ್ಲಿಂದ ಭಾರತ ಕಾಣುತ್ತೆ. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ, ಈ ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಅನುಕೂಲ ಇರುವ ಜಿಲ್ಲೆಗಳನ್ನು ಬಿಟ್ಟು ಹಿಂದುಳಿದವನ್ನೇ ಆರಿಸಿದ್ದು ವಿಶೇಷ. ಕರ್ನಾಟಕದಲ್ಲಿ ಆ ಭಾಗ್ಯ ಬಂದದ್ದು ಗುಲ್ಬರ್ಗ, ವಿಜಾಪುರ, ರಾಯಚೂರು ಜಿಲ್ಲೆಗಳಿಗೆ. ಅಂದಿನ ಆ ಮೂರು ಜಿಲ್ಲೆಗಳು ಇಂದು ಕಲಬುರ್ಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ ಅಂತ ಆರಾಗಿವೆ.

ಕೆಲಸ ಮಾಡುವ ಬಗೆ ಸರಳವಾಗಿತ್ತು. ಅಹಮದಾಬಾದಿನಿಂದ ಕಾರ್ಯಕ್ರಮ ಮೇಲಕ್ಕೆ ಹೋಗುತ್ತೆ. ಎಟಿಎಸ್-6ರ ಒಂಬತ್ತು ಮೀಟರ್ ಅಗಲದ ಆಂಟೆನಾ ಅದನ್ನು ಬಲವಾಗಿ ಕೆಳಕ್ಕೆ ಕಳಿಸುತ್ತೆ. ಹಳ್ಳಿಯಲ್ಲಿ ಹತ್ತು ಅಡಿ ಅಗಲದ ಜಾಲರಿ ಛತ್ರಿ ಅದನ್ನು ಹಿಡಿಯುತ್ತೆ. ಕೋಳಿ ಗೂಡಿನ ಜಾಲರಿಯಂಥದ್ದನ್ನು ಬಳಸಿದ್ದು ಅಗ್ಗ, ಹಗುರ, ಗಾಳಿಗೆ ತಡೆಯುತ್ತೆ ಅನ್ನುವ ಕಾರಣಕ್ಕೆ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ! ಟಿವಿಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಕರೆಂಟ್ ಇಲ್ಲದ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಸಿದರು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಈ ಹೊತ್ತನ್ನು ಹಿಂದಿ, ಕನ್ನಡ, ತೆಲುಗು, ಒಡಿಯಾ ನಾಲ್ಕು ಭಾಷೆಗಳು ಹಂಚಿಕೊಂಡವು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೇಸಾಯ, ದನಕರು, ಆರೋಗ್ಯ, ಪೌಷ್ಟಿಕ ಆಹಾರ, ಕುಟುಂಬ ಯೋಜನೆ, ಜೊತೆಗೆ ಹಾಡು, ನಾಟಕ. ರಜೆಯ ದಿನಗಳಲ್ಲಿ ಹತ್ತಾರು ಸಾವಿರ ಶಾಲಾ ಶಿಕ್ಷಕರಿಗೆ ಇದೇ ಟಿವಿಯ ಮೂಲಕ ವಿಜ್ಞಾನ ಪಾಠ ಮಾಡುವ ತರಬೇತಿ ಕೊಟ್ಟರು. ಕನ್ನಡ ಉಪಗ್ರಹದಿಂದ ಇಳಿದು ಬಂದದ್ದು ಅದೇ ಮೊದಲು. ಇಳಿದದ್ದು ರಾಜಧಾನಿಗಲ್ಲ, ಕಲ್ಯಾಣ ಕರ್ನಾಟಕದ ಮತ್ತು ವಿಜಾಪುರ ಸೀಮೆಯ ಹಳ್ಳಿಗಳಿಗೆ.

ಫಲ ಏನಾಯಿತು? ಸಮಾಜ ವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಇದ್ದು ನೋಡಿದರು. ಮೊದಲ ದಿನಗಳ ಜಾತ್ರೆಯಂಥ ಜನ ಆಮೇಲೆ ಕಡಿಮೆಯಾದರು. ಆರೋಗ್ಯ, ಕುಟುಂಬ ಯೋಜನೆ ಇವುಗಳ ಬಗ್ಗೆ ತಿಳಿವಳಿಕೆ ಹೆಚ್ಚಿತು. ಹೆಚ್ಚು ಲಾಭ ಆಗಿದ್ದು ಹೆಂಗಸರಿಗೆ ಮತ್ತು ಓದು ಬರದವರಿಗೆ. ಬೇಸಾಯದಲ್ಲಿ ಮಾತ್ರ ಅಂದುಕೊಂಡಷ್ಟು ಬದಲಾವಣೆ ಆಗಲಿಲ್ಲ. ಎಲ್ಲೋ ಕೂತು ಮಾಡಿದ ಒಂದೇ ಕಾರ್ಯಕ್ರಮ ಎಲ್ಲರ ಹೊಲಕ್ಕೂ ಒಗ್ಗುವುದಿಲ್ಲ. ಬೀಜ, ಗೊಬ್ಬರ, ಸಾಲ ಕೈಗೆ ಸಿಗದಿದ್ದರೆ ಗೊತ್ತಾದದ್ದನ್ನು ಮಾಡುವುದಾದರೂ ಹೇಗೆ? ತಂತ್ರಜ್ಞಾನ ಮಾತು ಮುಟ್ಟಿಸುತ್ತೆ, ಗೊಬ್ಬರದ ಚೀಲ ಮುಟ್ಟಿಸುವುದಿಲ್ಲ ಅನ್ನೋ ಪಾಠ ಅಲ್ಲಿ ಸಿಕ್ಕಿತು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಊರ ಜನರನ್ನೇ ಸೇರಿಸಿಕೊಂಡು ಅಲ್ಲಿನದೇ ಕಾರ್ಯಕ್ರಮ ಮಾಡುವ ಇನ್ನೊಂದು ಪ್ರಯೋಗವನ್ನು ಇಸ್ರೋ ವರ್ಷಗಟ್ಟಲೆ ನಡೆಸಿತು.

1976ರ ಜುಲೈ 31ಕ್ಕೆ ವರ್ಷ ಮುಗಿಯಿತು. ಒಪ್ಪಂದದಂತೆ ನಾಸಾ ತನ್ನ ಉಪಗ್ರಹವನ್ನು ವಾಪಸ್ಸು ತೆಗೆದುಕೊಂಡಿತು. ಹಳ್ಳಿಯ ಟಿವಿಗಳು ಕತ್ತಲಾದವು. 1977ರಲ್ಲಿ ಗುಲ್ಬರ್ಗದಲ್ಲಿ ಒಂದು ಟಿವಿ ಪ್ರಸಾರ ಕೇಂದ್ರ ಬಂತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು. ಅದರ ಸುತ್ತಲಿನ ಹಳ್ಳಿಗಳಿಗೆ ಟಿವಿ ಮರಳಿತು. ದೂರದ ಹಳ್ಳಿಗಳಿಗೆ ಮರಳಲಿಲ್ಲ. ನಮ್ಮ ಗೆಳತಿಯ ಅಜ್ಜಿಯ ಹಳ್ಳಿ ಆ ದೂರದವುಗಳಲ್ಲಿ ಒಂದು.

ಪಾಲೋ ಆಲ್ಟೊದಿಂದ ಬಂದ ಉಪಗ್ರಹ

ಸ್ವಂತ ಉಪಗ್ರಹ ಇಲ್ಲದಿದ್ದರೆ ಹೀಗೇ ಆಗುತ್ತೆ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು. ವಿಕ್ರಮ್ ಅವರ ಕಾಲದಲ್ಲೇ ಯೋಚನೆ ಶುರುವಾಗಿದ್ದ ಇನ್ಸಾಟ್ ಸರಣಿ ಎಂಬತ್ತರ ದಶಕದಲ್ಲಿ ಕೈಗೂಡಿತು. ಮೊದಲ ಇನ್ಸಾಟ್‌ಗಳನ್ನು ಭಾರತಕ್ಕಾಗಿ ಕಟ್ಟಿದ್ದು ಫೋರ್ಡ್ ಏರೋಸ್ಪೇಸ್ ಕಂಪನಿ, ನಮ್ಮ ಪಕ್ಕದ ಪಾಲೋ ಆಲ್ಟೊದಲ್ಲಿ. 1982ರ ಏಪ್ರಿಲಿನಲ್ಲಿ ಹೋದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು. 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ಷಟಲ್ ಒಯ್ದ ಇನ್ಸಾಟ್-1ಬಿ ಗಟ್ಟಿಯಾಗಿ ನಿಂತಿತು. ದೇಶದ ಟಿವಿ, ದೂರವಾಣಿ, ಹವಾಮಾನ, ಚಂಡಮಾರುತದ ಮುನ್ನೆಚ್ಚರಿಕೆ ಎಲ್ಲ ಅದರ ಮೇಲೆ ನಡೆದವು.

ಆದರೆ ಟಿವಿ ಹೋದ ದಾರಿ ಬೇರೆಯಾಯಿತು. ಸಿನಿಮಾ, ಧಾರಾವಾಹಿ, ಜಾಹೀರಾತು ಮುಂದೆ ಬಂದವು. ಕೊಂಡುಕೊಳ್ಳುವ ಶಕ್ತಿ ಇದ್ದವರ ಮನೆಗೆ ಟಿವಿ ಮೊದಲು ಬಂತು. ಹಳ್ಳಿ ಮೊದಲು ಅನ್ನುವ ವಿಕ್ರಮ್ ಅವರ ಸಾಲು ತಲೆಕೆಳಗಾಯಿತು ಅಂತ ಹೇಳಬೇಕು. ಹಾಗಂತ ಅವರ ಕನಸು ಸತ್ತಿತು ಅಂತಲೂ ಅಲ್ಲ. 2001ರಲ್ಲಿ ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ರೈತ ತಾಲೂಕು ಕಚೇರಿಯ ಕಿಟಕಿಯಲ್ಲಿ ತನ್ನ ಪಹಣಿ ಪಡೆಯುವಂತೆ ಮಾಡಿತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ. ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠ ಬಂತು. ನಮ್ಮಲ್ಲಿ ವಿಟಿಯುನಲ್ಲಿ ಓದಿ ಬಂದವರು ಬಹಳ ಜನ. ನಾವೂ ಆ ಸಾಲಿನ ಮಕ್ಕಳೇ.

ಕಡೆಯದಾಗಿ

ಈ ಲೇಖನ ಬರೆದು ಮುಗಿಸಿದ ಮೇಲೆ ನಾವು ಮತ್ತೆ ಅದೇ ಊಟದ ಮೇಜಿಗೆ ಕೂತೆವು. ವಾದ ಪೂರ್ತಿ ಬಗೆಹರಿಯಲಿಲ್ಲ. ಅನ್ನ ಮೊದಲೋ ತಂತ್ರಜ್ಞಾನ ಮೊದಲೋ ಅಂತ ಕೇಳಿದ ಗೆಳತಿ ಈಗಲೂ ಅನ್ನವೇ ಮೊದಲು ಅಂತಾಳೆ. ಸೈಟ್ ಪ್ರಯೋಗದ ಬೇಸಾಯದ ಫಲಿತಾಂಶ ನೋಡಿದರೆ ಅವಳ ಮಾತಿಗೂ ಆಧಾರ ಇದೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಪ್ಪಿದೆವು. ವಿಕ್ರಮ್ ಸಾರಾಭಾಯಿ ಶುರು ಮಾಡುತ್ತಿದ್ದದ್ದು ಯಂತ್ರದಿಂದ ಅಲ್ಲ, ಯಾರಿಗೆ ಮುಟ್ಟಬೇಕು ಅನ್ನುವುದರಿಂದ. ಸಾಲಿನ ಕಡೆಯಲ್ಲಿ ನಿಂತವರನ್ನು ಮೊದಲು ಲೆಕ್ಕಕ್ಕೆ ತಗೊಂಡರೆ ವಿನ್ಯಾಸವೇ ಬದಲಾಗುತ್ತೆ. ದುಬಾರಿ ಡಿಶ್ ಹೋಗಿ ಕೋಳಿ ಜಾಲರಿ ಬರುತ್ತೆ. ಕರೆಂಟ್ ಇಲ್ಲದ ಕಡೆ ಬ್ಯಾಟರಿ ಬರುತ್ತೆ. ಕನ್ನಡ ಬರುತ್ತೆ.

ಇನ್ನೊಂದು ವಿಷಯ ಅಜ್ಜಿ ಕಲಿಸಿದ್ದು. ಶುರು ಮಾಡುವುದು ದೊಡ್ಡದು, ನಿಲ್ಲಿಸದೆ ನಡೆಸುವುದು ಇನ್ನೂ ದೊಡ್ಡದು. ಒಂದು ವರ್ಷ ಬಂದು ನಿಂತುಹೋದದ್ದನ್ನು ಐವತ್ತು ವರ್ಷ ಆದರೂ ಅವರು ಮರೆತಿಲ್ಲ. ನಾವು ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಶಾಲೆಗೆ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಫೋಟೋ ತೆಗೆಸಿಕೊಂಡು ಬರುತ್ತೀವಲ್ಲ, ಆಮೇಲೆ ಅದು ಕೆಟ್ಟರೆ ಯಾರು ನೋಡ್ತಾರೆ ಅಂತ ಕೇಳಿಕೊಳ್ಳಬೇಕು.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಅದರಲ್ಲೂ ನಿಮ್ಮದು ಕಲಬುರ್ಗಿ, ವಿಜಯಪುರ, ರಾಯಚೂರು ಕಡೆಯಾದರೆ, ಅಜ್ಜ ಅಜ್ಜಿಯರನ್ನು ಒಮ್ಮೆ ಕೇಳಿ ನೋಡಿ. ಶಾಲೆಯ ಹತ್ತಿರ ಜಾಲರಿ ಛತ್ರಿ ಇದ್ದದ್ದು ಅವರಿಗೆ ನೆನಪಿದೆಯಾ ಅಂತ. ನೆನಪಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ವರ್ಷದ ಪುಸ್ತಿಕೆಯಲ್ಲಿ ಆ ನೆನಪುಗಳಿಗೆ ಜಾಗ ಇಡ್ತೀವಿ.